ದಕ್ಷಿಣ ಗೋಲಿನ ಕೆಳಗೆ: ಕಂತು ನಾಲ್ಕು

"ಇನ್ನೂ ಅಗೀಲಾ, ಬಿಡ್ಲಾ?"

ಕೇಳಿದವನು ವೆಂಡೆಲ್. ಕೈಯಲ್ಲಿ ಸಲಿಕೆ ಇತ್ತು. ಹತ್ತು ನಿಮಿಷದಿಂದ ಅದನ್ನವನು ಮರಳಿಗೆ ತಾಗಿಸಿರಲಿಲ್ಲ.

"ಬಿಡು. ಮೇಲೆ ಬಾ. ಏನನ್ನೂ ಮುಟ್ಬೇಡ," ಎಂದಳು ಡಿಟೆಕ್ಟಿವ್ ಐಲಿ ತೊರ್ಮಾಲ.

ವೆಂಡೆಲ್ ಗುಂಡಿಯಿಂದ ಮೇಲೆ ಬಂದು ಮಂಜುಗಡ್ಡೆಯ ಮೇಲೆಯೇ ಕುಸಿದು ಕುಳಿತ. ಗಣಿ ಕಾಲೇಜಿನ ಈ ಐಸ್ ಹಾಕಿ ಅಂಗಣದಲ್ಲಿ ಗಡ್ಡೆ ನೋಡಿಕೊಳ್ಳುವವನು ಅವನೇ. ದಕ್ಷಿಣ ಗೋಲಿನ ಹಿಂದೆ ಗಡ್ಡೆಯನ್ನು ತಣ್ಣಗಿಡುವ ಉಪ್ಪುನೀರಿನ ಕೊಳವೆ ಸೋರುತ್ತಿದೆಯೆಂದು ಬೆಳಿಗ್ಗೆ ಆರಕ್ಕೆ ಗಡ್ಡೆ ಕೊರೆದು, ಅಡಿಯ ಮರಳು ತೋಡಿದವನಿಗೆ ಸಿಕ್ಕಿದ್ದು ಕೊಳವೆಯ ತೂತಲ್ಲ, ಮನುಷ್ಯನ ಮೂಳೆ.

ಅದೀಗ ಬಿಳಿ ಬಟ್ಟೆಯ ಮೇಲಿತ್ತು. ಗೇಣುದ್ದವೂ ಇಲ್ಲ. ಕತ್ತಿನ ಬುಡದಿಂದ ಭುಜಕ್ಕೆ ಹೋಗುವ ಮೂಳೆ. ಅದರ ಬೆನ್ನಿಗೆ ಉಕ್ಕಿನ ಪಟ್ಟಿ, ಪಟ್ಟಿಗೆ ಆರು ಸ್ಕ್ರೂ. ಮೂಳೆ ಚಹಾದ ಬಣ್ಣಕ್ಕೆ ತಿರುಗಿತ್ತು. ಉಕ್ಕು ಮಾತ್ರ ನಿನ್ನೆ ಹಾಕಿದ್ದೇನೋ ಎನ್ನುವಂತೆ ಹೊಳೆಯುತ್ತಿತ್ತು.

ಅದು ಯಾರದೆಂದು ಐಲಿ ಯಾರ ಬಳಿಯೂ ಕೇಳಿ ತಿಳಿಯಬೇಕಿರಲಿಲ್ಲ. ಆ ಪಟ್ಟಿಯ ಕಥೆಯನ್ನು ಒಂದು ಕಾಲದಲ್ಲಿ ಊರಿಗೆ ಊರೇ ಹೇಳಿಕೊಂಡಿತ್ತು. ತೊಂಬತ್ಮೂರರ ಜನವರಿಯಲ್ಲಿ, ಹದಿನೇಳನೇ ನಂಬರಿನ ಲೈಲ್ ಪೆಲೆಷಕ್ ಅಂಗಣದ ಅಡ್ಡಹಲಗೆಗೆ ಅಪ್ಪಳಿಸಿ ಎಡಭುಜದ ಮೂಳೆ ಮುರಿದುಕೊಂಡ. ಉಕ್ಕು ಹಾಕಿಸಿಕೊಂಡು ಏಳೇ ವಾರದಲ್ಲಿ, ಕಾಲೇಜು ತಂಡಗಳ ಕಾನ್ಫರೆನ್ಸ್ ಟೂರ್ನಿಯ ಕ್ವಾರ್ಟರ್ ಫೈನಲ್ಲಿಗೆ ಸರಿಯಾಗಿ, ಮತ್ತೆ ಗಡ್ಡೆಗಿಳಿದ. ಮೂರು ಆಟಗಳ ಸರಣಿ. ಭಾನುವಾರ ಸಂಜೆ ಮೂರನೆಯದನ್ನು ಸೋತರು. ಸೋಮವಾರ ಬೆಳಿಗ್ಗೆ ಹೆಪ್ಪುಗಟ್ಟಿದ ಸುಪೀರಿಯರ್ ಸರೋವರದ ಮೇಲೆ ನಡೆದುಹೋದ ಲೈಲ್ ಮರಳಿ ಬರಲಿಲ್ಲ.

ಮೂವತ್ತೆರಡು ವರ್ಷ ಊರು ಹಾಗೆಂದೇ ನಂಬಿತ್ತು.

ನಂಬಿಸಿದವಳು ಐಲಿ.

ಆಗ ಅವಳಿಗೆ ಇಪ್ಪತ್ತು. ಇದೇ ಅಂಗಣದಲ್ಲಿ ಕೆಲಸಕ್ಕಿದ್ದ ಅಪ್ಪನಿಗೆ ಕಾಫಿ ತಂದಿದ್ದಳು. ಹಿಮ ಉದುರುತ್ತಿತ್ತು. ಹಸಿರು ಜಾಕೆಟ್ಟು, ಬೆನ್ನ ಮೇಲೆ ದೊಡ್ಡದಾಗಿ ಹದಿನೇಳು. ಸರೋವರದ ದೀಪಸ್ತಂಭದ ಕಡೆಗೆ ನಡೆಯುತ್ತಿದ್ದ ಆ ಬೆನ್ನಿಗೆ ಅವಳು "ಲೈಲ್" ಎಂದು ಕೂಗಿದಳು. ಅವನು ತಿರುಗಲಿಲ್ಲ. ಒಂದು ಕೈ ಎತ್ತಿದ, ಅಷ್ಟೇ. ಅದನ್ನೇ ಪೊಲೀಸರಿಗೆ ಹೇಳಿದಳು. ದೀಪಸ್ತಂಭದ ಬಳಿ ಒಡೆದ ಗಡ್ಡೆ ಸಿಕ್ಕಿತು, ಅದರಂಚಿನಲ್ಲಿ ಅವನ ಕೈಗವಸು ಸಿಕ್ಕಿತು. ಮೇ ತಿಂಗಳಲ್ಲಿ ಮುಳುಗುಗಾರರು ಹುಡುಕಿದರು. ಆ ನೀರಿನ ಥಂಡಿಗೆ ಹೆಣ ತೇಲುವುದಿಲ್ಲ. ಫೈಲು ಮುಚ್ಚಿತು.

ಆ ಬೆನ್ನು ಮಾತ್ರ ಅವಳನ್ನು ಬಿಟ್ಟುಹೋಗಲಿಲ್ಲ. ಅವಳು ಪೊಲೀಸ್ ಕೆಲಸಕ್ಕೆ ಸೇರಿದ್ದೂ ಅದರಿಂದಲೇ. ಇನ್ನೊಂದೆರಡು ಸಲ ಕೂಗಿದ್ದರೆ, ಬೆನ್ನಟ್ಟಿ ಓಡಿದ್ದರೆ ಎಂದು ಪ್ರತಿ ಮಾರ್ಚಿನಲ್ಲೂ ಅವಳಿಗೆ ನಿದ್ದೆ ಕೆಡುತ್ತಿತ್ತು.

ಮಗಳಿಗೆ ಸ್ಕೇಟಿಂಗ್ ಕಲಿಸಿದ್ದು ಇದೇ ಮೂಲೆಯಲ್ಲಿ. ಮಗು ಬಿದ್ದು ಎದ್ದು, ಗಡ್ಡೆಗೆ ಕೆನ್ನೆಯಿಟ್ಟು ನಕ್ಕಿತ್ತು. ಕೆಳಗೆ ಲೈಲ್ ಮಲಗಿದ್ದ.

ಐಲಿ ತಲೆಯೆತ್ತಿ ನೋಡಿದಳು. ಖಾಲಿ ಅಂಗಣದ ತುತ್ತತುದಿಯ ಸಾಲಿನಲ್ಲಿ ಒಬ್ಬ ಮುದುಕ ಕುಳಿತಿದ್ದ. ಉಣ್ಣೆಯ ಟೋಪಿ, ಮಂಡಿಯ ಮೇಲೆ ಕಾಫಿಯ ಫ್ಲಾಸ್ಕು. ಉರ್ಹೊ ತೊರ್ಮಾಲ, ಅವಳ ಅಪ್ಪ. ಎಂಬತ್ಮೂರು ವರ್ಷ. ವೆಂಡೆಲ್‌ಗಿಂತ ಮುಂಚೆ ನಲವತ್ತು ವರ್ಷ ಈ ಅಂಗಣದ ಗಡ್ಡೆ ಕಟ್ಟಿದವನು ಅವನು. ಹಿಂಬಾಗಿಲ ಕೀಲಿಯನ್ನು ಇವತ್ತಿಗೂ ಅವನಿಂದ ಯಾರೂ ವಾಪಸು ಕೇಳಿಲ್ಲ.

"ಯಾವಾಗ ಬಂದ್ರು?" ಎಂದಳು.

"ಏಳಕ್ಕೆ," ಎಂದ ವೆಂಡೆಲ್. "ಬರಬೇಡಿ ಅಂದೆ. ಕೇಳಲಿಲ್ಲ. ಮಾತೂ ಆಡಿಲ್ಲ. ಅವರು ಕಟ್ಟಿದ ಅಂಗಣ ಅಲ್ವಾ, ಹೊಟ್ಟೆ ಉರೀತಿರಬೇಕು."

ಅವಳ ಫೋನು ಗುನುಗಿತು. ಶೆರಿಫ್ ಬಾರ್ಸೊಟ್ಟಿ.

"ಐಲಿ, ತೊಂಬತ್ಮೂರರಲ್ಲಿ ಕೊಳವೆ ರಿಪೇರಿಗೆ ಅಂತ ಅಲ್ಲೇ ಅಗೆದವರು ನಿಮ್ಮಪ್ಪ ಅಲ್ವಾ?"

"ಹೌದು."

"ಸಾಕ್ಷಿ ನೀನು. ಗುಂಡಿ ತೋಡಿದವರು ನಿಮ್ಮಪ್ಪ. ಇದರಲ್ಲಿ ನಿನ್ನನ್ನ ಇಟ್ಕೊಂಡ್ರೆ ಕೋರ್ಟಲ್ಲಿ ನನ್ನ ಮುಖಕ್ಕೆ ಉಗೀತಾರೆ. ನಾಲ್ಕಕ್ಕೆ ರಾಜ್ಯ ಪೊಲೀಸರು ಬಂದು ಕೇಸು ತಗೋತಾರೆ. ಅಲ್ಲೀವರೆಗೆ ಗುಂಡಿ ಕಾಯ್ಕೊಂಡಿರು."

"ಕಾಯ್ತೀನಿ."

"ಬರೀ ಕಾಯಿ, ಐಲಿ."

ಅವಳು ಗಡಿಯಾರ ನೋಡಿದಳು. ಹತ್ತೂವರೆ.

* * *

ಹನ್ನೆರಡಕ್ಕೆ ರಾಜ್ಯ ಪ್ರಯೋಗಾಲಯದ ಡಾ. ನೊವಾಚೆಕ್ ಇಬ್ಬರು ಸಹಾಯಕರೊಂದಿಗೆ ಬಂದು ಗುಂಡಿಗಿಳಿದರು. ಸಣ್ಣ ದೇಹದ, ಸಣ್ಣ ದನಿಯ ಹೆಂಗಸು. ಕೈಯಲ್ಲಿ ಸಲಿಕೆಯಲ್ಲ, ಬಣ್ಣ ಬಳಿಯುವ ಬ್ರಷ್ಷು.

"ಮರಳು ಗಟ್ಟಿಯಾಗಿ ಹೆಪ್ಪುಗಟ್ಟಿದೆ. ಬಿಸಿಗಾಳಿ ಬಿಟ್ಟು ಒಂದೊಂದು ಬೊಗಸೆ ತೆಗೀಬೇಕು. ಸಂಜೆಗೆ ಇಲ್ಲಿ ಆಟ ಇದೆಯಂತೆ?"

"ಇತ್ತು," ಎಂದಳು ಐಲಿ.

ಅಂಗಣದ ಆ ಭಾಗಕ್ಕೆ ಹೋಗುವ ಪಂಪು ನಿಲ್ಲಿಸಿದ್ದರು. ಸದಾ ಗುಂಯ್ ಎನ್ನುತ್ತಿದ್ದ ಕಟ್ಟಡ ಉಸಿರು ಹಿಡಿದಂತಿತ್ತು. ಆಗಾಗ ಎಲ್ಲೋ ಗಡ್ಡೆ ಸಣ್ಣಗೆ ಚಟ್ಟೆಂದು ಬಿರಿಯುತ್ತಿತ್ತು. ಅಂಕಫಲಕದಲ್ಲಿ ಶುಕ್ರವಾರದ ಗೆಲುವು, ನಾಲ್ಕು-ಮೂರು, ಹಾಗೇ ಉರಿಯುತ್ತಿತ್ತು. ಆರಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಹೊರಗೆ ಕಾಲೇಜಿನ ಬ್ಯಾಂಡಿನವರು ಹಿಮದ ದಿಬ್ಬದ ಮೇಲೆ ನಿಂತು ಅದೇ ಗೆಲುವಿನ ಹಾಡು ಮತ್ತೆ ಮತ್ತೆ ನುಡಿಸುತ್ತಿದ್ದರು. ಗೋಡೆ ದಾಟಿ ಬರುವಾಗ ಅದು ಯಾರದೋ ಸಾವಿನ ಮನೆಯ ಬಾಜಾದಂತೆ ಕೇಳುತ್ತಿತ್ತು.

ಕಾರಿನಲ್ಲಿದ್ದ ಹಳೆಯ ಫೈಲನ್ನು ಐಲಿ ತಂದಳು. ಅದರ ನಕಲು ಅವಳ ಬಳಿ ಇಪ್ಪತ್ತು ವರ್ಷದಿಂದ ಇತ್ತು. ಎಷ್ಟು ಸಲ ಓದಿದ್ದಳೋ ಲೆಕ್ಕವಿಲ್ಲ. ಆದರೆ ಲೈಲ್ ನಡೆದುಹೋದ ಎಂದು ನಂಬಿಕೊಂಡು ಓದಿದ್ದಳು. ನಡೆದುಹೋದವನು ಲೈಲ್ ಅಲ್ಲವೆಂದುಕೊಂಡು ಓದುತ್ತಿರುವುದು ಇದೇ ಮೊದಲು.

ಅಂಗಣದ ಮೆಟ್ಟಿಲ ಮೇಲಿನ ಕಿಟಕಿಯ ಬಳಿ ನಿಂತಳು. ಅವತ್ತು ನಿಂತಿದ್ದ ಜಾಗ ಇದರ ಕೆಳಗೇ. ಹೊರಗೆ ಸರೋವರದ ಕೊಲ್ಲಿಯ ಗಡ್ಡೆಯ ಮೇಲೆ ಮೀನು ಹಿಡಿಯುವವರ ಪುಟ್ಟ ಗುಡಿಸಲುಗಳು. ಅವುಗಳಾಚೆ ದೀಪಸ್ತಂಭ.

ಅವಳದೇ ಕೈಬರಹ. ಇಪ್ಪತ್ತರ ಹುಡುಗಿಯ ದುಂಡು ಅಕ್ಷರ. *ಸ್ಕೇಟ್ಸ್ ಜೋಡಿಯ ಲೇಸು ಗಂಟು ಹಾಕಿ ಎಡಭುಜಕ್ಕೆ ನೇತುಹಾಕಿಕೊಂಡಿದ್ದ. ಬಲಗೈ ಜೇಬಿನಲ್ಲಿತ್ತು. ಕರೆದಾಗ ಎಡಗೈ ಎತ್ತಿದ.*

ಓದಿ ಮುಂದಿನ ಸಾಲಿಗೆ ಹೋದವಳು ಹಿಂದಕ್ಕೆ ಬಂದಳು.

ಎಡಭುಜ.

ಮೂಳೆ ಮುರಿದು ಉಕ್ಕು ಹಾಕಿಸಿಕೊಂಡ ಭುಜ. ಆಟದ ದಿನ ಬಿಟ್ಟರೆ ಲೈಲ್ ಆ ಭುಜಕ್ಕೆ ಚೀಲದ ಪಟ್ಟಿಯನ್ನೂ ತಾಗಿಸುತ್ತಿರಲಿಲ್ಲ. ಊಟದ ತಟ್ಟೆಯನ್ನೂ ಬಲಗೈಯಲ್ಲೇ ಹಿಡಿಯುತ್ತಿದ್ದ. ಅಂಥವನು ಉಕ್ಕಿನ ಅಲಗಿನ ಸ್ಕೇಟ್ಸನ್ನು ಅದೇ ಮೂಳೆಯ ಮೇಲೆ ನೇತುಹಾಕಿಕೊಂಡು ಅರ್ಧ ಮೈಲಿ ನಡೆದನೇ? ಆ ಕೈಯನ್ನೇ ತಲೆಯ ಮೇಲಕ್ಕೆ ಎತ್ತಿದನೇ?

ಇದು ಆಗಿನ ಪೊಲೀಸರ ಕಣ್ಣಿಗೆ ಬಿದ್ದಿರಲಿಲ್ಲ. ಮೂವತ್ತೆರಡು ವರ್ಷ ಅವಳ ಕಣ್ಣಿಗೂ ಬಿದ್ದಿರಲಿಲ್ಲ.

ಅವಳು ಕೆಳಗಿಳಿದು ಪಡಸಾಲೆಗೆ ಹೋದಳು. ಗೋಡೆಯುದ್ದಕ್ಕೂ ವರ್ಷಕ್ಕೊಂದರಂತೆ ತಂಡದ ಫೋಟೋಗಳು. ತೊಂಬತ್ಮೂರರದ್ದು ನೀರಿನ ನಲ್ಲಿಯ ಮೇಲಿತ್ತು. ಸರಣಿಗೆ ಮೂರು ದಿನ ಮೊದಲು ತೆಗೆದದ್ದು. ಇಪ್ಪತ್ತಾರು ಹುಡುಗರು, ಹಸಿರು ಜಾಕೆಟ್ಟು, ಭುಜಕ್ಕೆ ಸ್ಕೇಟ್ಸು. ಎರಡನೇ ಸಾಲಿನಲ್ಲಿ ಲೈಲ್, ಅರೆನಗು. ಸ್ಕೇಟ್ಸು ಬಲಭುಜಕ್ಕೆ. ಎಡಭುಜಕ್ಕೆ ಹಾಕಿಕೊಂಡವರು ನಾಲ್ವರು. ಅವರಲ್ಲಿ ಇಬ್ಬರು ಕುಳ್ಳರು. ಒಬ್ಬ ಗೋಲ್‌ಕೀಪರ್, ಮರದ ಬೊಡ್ಡೆಯಂಥ ಮೈ.

ಉಳಿದವನು ಲೈಲ್‌ನಷ್ಟೇ ಎತ್ತರ, ಅಷ್ಟೇ ಅಗಲ. ಎದೆಯ ಮೇಲೆ ನಾಯಕನ ಗುರುತು.

ರಾಯ್ಸ್ ಡೆಲೋರ್ಮ್. ಅಂದಿನ ತಂಡದ ನಾಯಕ. ಇಂದಿನ ಕೋಚ್.

* * *

"ಬಾ, ಬಾ. ನಿನ್ನನ್ನೇ ಹುಡುಕ್ತಿದ್ದೆ," ಎಂದ ರಾಯ್ಸ್.

ಕೋಚ್ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮುರಿದ ಸ್ಟಿಕ್ಕುಗಳು, ತೊಳೆಯದ ಜರ್ಸಿಯ ವಾಸನೆ, ಮೇಜಿನ ಮೇಲೆ ಅರ್ಧ ತಿಂದ ಪಾಸ್ಟಿ, ಮಾಂಸ ತುಂಬಿದ ಕಡುಬು. ರಾಯ್ಸ್‌ಗೆ ಐವತ್ನಾಲ್ಕು. ಗಡ್ಡ ನರೆತಿತ್ತು, ಹೆಗಲು ಬಾಗಿರಲಿಲ್ಲ.

"ಕಾನ್ಫರೆನ್ಸಿನವರು ನಾಲ್ಕು ಗಂಟೆವರೆಗೆ ಟೈಮ್ ಕೊಟ್ಟಿದಾರೆ," ಎಂದ. "ಅಂಗಣ ಸಿಗದಿದ್ರೆ ಉಳಿದ ಆಟ ಅವರ ಊರಲ್ಲಿ. ಆರು ತಾಸಿನ ದಾರಿ. ಇನ್ನೊಂದು ಗೆದ್ರೆ ಸೆಮಿಫೈನಲ್, ಐಲಿ. ಹನ್ನೊಂದು ವರ್ಷ ಆಯ್ತು ನಾವು ಅಲ್ಲಿಗೆ ಹೋಗಿ. ಹುಡುಗರು ಬೆಳಿಗ್ಗೆಯಿಂದ ಅನ್ನ ನೀರು ಬಿಟ್ಟು ಕೂತಿದಾರೆ."

"ಗುಂಡಿ ಮುಚ್ಚಿ ಅದರ ಮೇಲೆ ಆಡಿಸ್ತೀಯಾ?"

"ಹಾಗಂದ್ನಾ? ಇದು ಗಣಿ ಊರು. ಎಲ್ಲಿ ತೋಡಿದ್ರೂ ಮೂಳೆ ಸಿಗುತ್ತೆ. ನೂರು ವರ್ಷದ ಹಿಂದಿನ ಯಾವನೋ ಕೂಲಿಯದ್ದು ಇರಬೇಕು ಅಂತ ವೆಂಡೆಲ್‌ನ ಹುಡುಗರು ಹೇಳ್ತಿದ್ರು. ಅವನೇನು ಎದ್ದು ಓಡಿಹೋಗ್ತಾನಾ? ಸೋಮವಾರ ತೆಗೀರಿ."

ಉಕ್ಕಿನ ಪಟ್ಟಿಯ ಸುದ್ದಿ ಹೊರಗೆ ಹೋಗಿಲ್ಲ ಎಂದು ಐಲಿಗೆ ಖಾತ್ರಿಯಾಯಿತು. ಕುರ್ಚಿಯ ಮೇಲಿದ್ದ ಹೆಲ್ಮೆಟ್ಟುಗಳನ್ನು ನೆಲಕ್ಕಿಟ್ಟು ಕುಳಿತಳು.

"ರಾಯ್ಸ್, ನೀನು ಸ್ಕೇಟ್ಸು ಯಾವ ಭುಜಕ್ಕೆ ಹಾಕ್ಕೋತೀಯ?"

"ಏನು?"

"ಯಾವ ಭುಜ?"

ಅವನು ನಕ್ಕ. "ಎಡಕ್ಕೆ. ಎಡಚ ನಾನು. ಇದೇನು, ಅಪರಾಧನಾ?"

"ಲೈಲ್ ಯಾವುದಕ್ಕೆ ಹಾಕ್ತಿದ್ದ?"

ನಗು ಇದ್ದಲ್ಲೇ ನಿಂತಿತು. ರಾಯ್ಸ್ ಪಾಸ್ಟಿಯ ಕಾಗದವನ್ನು ಮಡಿಸತೊಡಗಿದ. ನಾಲ್ಕು ಮಡಿಕೆ, ಎಂಟು ಮಡಿಕೆ.

"ನೆನಪಿಲ್ಲ," ಎಂದ.

"ನಂಗಿದೆ. ಬಲಕ್ಕೆ. ಎಡಭುಜ ಮುರಿದಿತ್ತು." ಐಲಿ ತನ್ನ ಹೇಳಿಕೆಯ ಹಾಳೆಯನ್ನು ಮೇಜಿನ ಮೇಲಿಟ್ಟು ಒಂದು ಸಾಲಿಗೆ ಬೆರಳಿಟ್ಟಳು. "ಓದು. ಅವತ್ತು ಗಡ್ಡೆ ಮೇಲೆ ನಡ್ಕೊಂಡು ಹೋದವನು ಎಡಕ್ಕೆ ಹಾಕಿದ್ದ. ಎಡಗೈ ಎತ್ತಿದ."

"ದೂರದಿಂದ ನೋಡಿದೀಯ. ಹಿಮ ಬೀಳ್ತಿತ್ತು."

"ಹಿಮ ಬೀಳ್ತಿತ್ತು ಅಂತ ನಿಂಗೆ ಹೇಗೆ ಗೊತ್ತು? ಆ ಹೊತ್ತಲ್ಲಿ ಹಾಸ್ಟೆಲಲ್ಲಿ ಮಲಗಿದ್ದೆ ಅಂತ ಬರೆದುಕೊಟ್ಟಿದೀಯಲ್ಲ."

"ಮಾರ್ಚ್ ತಿಂಗಳಲ್ಲಿ ಇಲ್ಲಿ ಯಾವತ್ತು ಹಿಮ ಬೀಳಲ್ಲ?" ರಾಯ್ಸ್ ಎದ್ದು ನಿಂತ. "ನೋಡು, ನನ್ನ ಹುಡುಗರು ಆಚೆ ಕಾಯ್ತಿದಾರೆ. ಈ ಹಳೇ ಗೋರಿ ಕೆದಕೋದು ಬೇರೆ ದಿನ ಇಟ್ಕೋ."

ಐಲಿ ಫೋನು ತೆಗೆದು, ಬೆಳಿಗ್ಗೆ ತೆಗೆದಿದ್ದ ಚಿತ್ರವನ್ನು ಅವನ ಕಡೆ ತಿರುಗಿಸಿ ಮೇಜಿನ ಮೇಲಿಟ್ಟಳು. ಬಿಳಿ ಬಟ್ಟೆ. ಮೂಳೆ. ಆರು ಸ್ಕ್ರೂ.

ಅವನು ನೋಡಿದ. ಬಗ್ಗಿ ಮತ್ತೆ ನೋಡಿದ.

ಐಲಿ ಇಪ್ಪತ್ತೈದು ವರ್ಷದಲ್ಲಿ ಎಷ್ಟೋ ಜನರ ಮುಖ ನೋಡಿದ್ದಳು. ಸಿಕ್ಕಿಬಿದ್ದವರ ಮುಖ ಹೇಗೆ ಬಿಗಿಯುತ್ತದೆಂದು ಬಲ್ಲಳು. ಇದು ಹಾಗೆ ಬಿಗಿಯಲಿಲ್ಲ. ಒದ್ದೆ ಗೋಡೆಯ ಮಣ್ಣು ಕಳಚಿದಂತೆ ಕಳಚಿತು.

"ಅವನು ಹೋಗ್ಲಿಲ್ವಾ?" ಎಂದ ರಾಯ್ಸ್.

"ಎಲ್ಲಿಗೆ?"

ಅವನು ಕುರ್ಚಿಗಾಗಿ ಕೈ ತಡಕಾಡಿ ಕುಳಿತ. ಹೊರಗೆ ಬ್ಯಾಂಡು ಹಾಡು ಮುಗಿಸಿ ಮತ್ತೆ ಮೊದಲಿನಿಂದ ಶುರುಮಾಡಿತು.

"ಜಾಕೆಟ್ಟು ಹಾಕ್ಕೊಂಡಿದ್ದು ನಾನೇ," ಎಂದ ಕೊನೆಗೆ. "ಅವನೇ ಕೊಟ್ಟ. ಆಟ ಸೋತ ರಾತ್ರಿ ನನ್ನ ಹಾಸಿಗೆ ಪಕ್ಕ ಬಂದು ಕೂತ. ನಾನು ಇಲ್ಲಿಂದ ಹೋಗ್ಬೇಕು, ನನ್ನನ್ನ ಯಾರೂ ಹುಡುಕಬಾರದು ಅಂದ. ನಾನು ಹೋಗದಿದ್ರೆ ಒಬ್ಬರ ಬದುಕು ಹಾಳಾಗುತ್ತೆ ಅಂದ. ಯಾರು ಅಂತ ಕೇಳ್ದೆ. ಕೇಳ್ಬೇಡ ಅಂದ. ನೀನು ಬರೀ ನಡ್ಕೊಂಡು ಹೋಗು, ಕೈಗವಸು ಅಲ್ಲಿ ಬಿಟ್ಟು ಆಚೆ ದಡದಿಂದ ವಾಪಸ್ ಬಾ, ಉಳಿದದ್ದು ಸರೋವರ ನೋಡ್ಕೊಳ್ಳುತ್ತೆ ಅಂದ. ಇಪ್ಪತ್ತೆರಡು ವರ್ಷ ನಮಗೆ. ಗೆಳೆಯ ಕೇಳಿದ, ಮಾಡ್ದೆ."

"ಗಡ್ಡೆ ಒಡೆದವನೂ ನೀನೇ?"

"ಕಬ್ಬಿಣದ ಸಲಾಕೆಯಲ್ಲಿ."

ಐಲಿ ಹೇಳಿಕೆಯ ಹಾಳೆಯನ್ನು ತನ್ನ ಕಡೆ ಎಳೆದುಕೊಂಡಳು. "ನಾನು ನೋಡಿದ್ದು ಆಕಸ್ಮಿಕನಾ?"

ರಾಯ್ಸ್ ಮಡಿಸಿದ್ದ ಕಾಗದವನ್ನು ಬಿಚ್ಚತೊಡಗಿದ.

"ರಾಯ್ಸ್."

"ಯಾರಾದ್ರೂ ನೋಡ್ಬೇಕಿತ್ತು," ಎಂದ, ಅವಳ ಮುಖ ನೋಡದೆ. "ಸುಳ್ಳು ಹೇಳದವರು ಯಾರಾದ್ರೂ. ನೀನು ಒಂಬತ್ತಕ್ಕೆ ಕಾಫಿ ತರ್ತೀಯ ಅಂತ ಗೊತ್ತಿತ್ತು. ನೀನು ಮೆಟ್ಟಿಲ ಹತ್ರ ಬರೋವರೆಗೆ ಮೀನಿನ ಗುಡಿಸಲ ಹಿಂದೆ ಕಾದಿದ್ದೆ. ನೀನು ಕೂಗ್ದೆ. ತಿರುಗಿದ್ರೆ ಎಲ್ಲಾ ಮುಗೀತಿತ್ತು. ಅದಕ್ಕೇ ಕೈ ಎತ್ತಿದೆ."

ಮೂವತ್ತೆರಡು ವರ್ಷ ಅವಳು ಆ ಎತ್ತಿದ ಕೈಯನ್ನು ಸಾಯಹೊರಟವನ ವಿದಾಯವೆಂದುಕೊಂಡಿದ್ದಳು. ನೆನೆದು ಅತ್ತಿದ್ದಳು. ಒಂದು ಸಲ ಗಂಡನೊಡನೆ ಜಗಳವಾಡಿದಾಗ ಅದನ್ನೇ ಹೇಳಿಕೊಂಡು ಅತ್ತಿದ್ದಳು.

"ನೀನು ನಡೀವಾಗ ಲೈಲ್ ಎಲ್ಲಿದ್ದ?"

"ಇಲ್ಲೇ. ಕೆಳಗೆ, ಯಂತ್ರದ ಕೋಣೇಲಿ. ಅಲ್ಲಿಗೆ ಬೇರೆ ಯಾರೂ ಹೋಗ್ತಿರಲಿಲ್ಲ." ರಾಯ್ಸ್ ನಿಲ್ಲಿಸಿದ. ಮುಂದಿನದನ್ನು ಹೇಳಬಾರದೆಂದುಕೊಂಡವನಂತೆ ತುಟಿ ಕಚ್ಚಿದ. ಆಮೇಲೆ ಮೇಜಿನ ಕೆಳಗಿನ ಡ್ರಾಯರಿನಿಂದ ಒಂದು ಬೂಟಿನ ಡಬ್ಬಿ ತೆಗೆದು ಅವಳ ಮುಂದಿಟ್ಟ. "ಅವನು ಕೆನಡಾಕ್ಕೆ ಹೋದ ಅಂತಾನೇ ನಂಬಿದ್ದೆ, ಐಲಿ. ದೇವರಾಣೆ. ಇದನ್ನ ನೋಡು. ಕಳೆದ ಮಂಗಳವಾರವೂ ಒಂದು ಬಂತು."

ಡಬ್ಬಿಯ ತುಂಬ ಪೋಸ್ಟ್‌ಕಾರ್ಡು. ಗಡಿಯಾಚೆಯ ಸೂ ಪಟ್ಟಣದ ಅಂಚೆ ಮುದ್ರೆ. ಪ್ರತಿ ವರ್ಷ ಮಾರ್ಚ್ ಮೊದಲ ವಾರ, ಟೂರ್ನಿಗೆ ಮುಂಚೆ ಒಂದೊಂದು. ಎಲ್ಲದರಲ್ಲೂ ಅಚ್ಚಿನಂಥ ಬಿಡಿ ಅಕ್ಷರದಲ್ಲಿ ಅದೇ ಮಾತು. *ಚೆನ್ನಾಗಿದ್ದೇನೆ. ಆಡು.* ಹೆಸರಿಲ್ಲ. ಹೆಸರಿನ ಜಾಗದಲ್ಲಿ 17 ಎಂಬ ಅಂಕಿ.

"ಇದು ಅವನು ಬರೆದದ್ದಲ್ಲ ಅಂದ್ರೆ," ಎಂದ ರಾಯ್ಸ್, "ಮೂವತ್ತೆರಡು ವರ್ಷ ನಂಗೆ ಬರೀತಿದ್ದವರು ಯಾರು?"

ಐಲಿ ಒಂದು ಕಾರ್ಡನ್ನು ಬೆಳಕಿಗೆ ಹಿಡಿದಳು. ಏಳರ ಸೊಂಟಕ್ಕೊಂದು ಪುಟ್ಟ ಅಡ್ಡಗೆರೆ ಇತ್ತು. ಇನ್ನೊಂದು ಕಾರ್ಡು ತೆಗೆದಳು. ಅದರಲ್ಲೂ ಇತ್ತು. ಈ ದೇಶದ ಶಾಲೆಗಳಲ್ಲಿ ಏಳನ್ನು ಹಾಗೆ ಬರೆಯಲು ಕಲಿಸುವುದಿಲ್ಲ.

ಕಡಲಾಚೆಯ ಶಾಲೆಯಲ್ಲಿ ಕಲಿತು ಹಾಗೆ ಬರೆಯುವ ಒಬ್ಬರನ್ನು ಅವಳು ಬಲ್ಲಳು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ಗಡ್ಡೆಯ ದಪ್ಪ ಬರೆದಿಡುವ ಪಟ್ಟಿಯಲ್ಲಿ, ಅವಳ ಶಾಲೆಯ ಪ್ರಗತಿಪತ್ರದ ಸಹಿಯ ಪಕ್ಕದ ತಾರೀಖಿನಲ್ಲಿ ಆ ಏಳನ್ನು ನೋಡುತ್ತಲೇ ಬೆಳೆದಿದ್ದಳು. ಅವರಿಗೆ ಮಾರ್ಚ್ ಬಂತೆಂದರೆ ಗಡಿಯಾಚೆ ತಂಗಿಯ ಮನೆ ನೆನಪಾಗುತ್ತಿತ್ತು. ಕಣ್ಣು ಮಂದವಾದ ಮೇಲೆ ಅವರನ್ನು ಅಲ್ಲಿಗೆ ಕಾರಿನಲ್ಲಿ ಕರೆದುಕೊಂಡು ಹೋಗುತ್ತಿದ್ದವಳು ಐಲಿಯೇ. ಹೋದ ವಾರವೂ ಹೋಗಿದ್ದಳು. ಅಂಚೆಪೆಟ್ಟಿಗೆಯ ಮುಂದೆ ಕಾರು ನಿಲ್ಲಿಸಿದ್ದೂ ಅವಳೇ.

ರಾಯ್ಸ್ ಅವಳ ಮುಖ ನೋಡಿ ದನಿ ತಗ್ಗಿಸಿದ. "ಯಂತ್ರದ ಕೋಣೆ ಬಾಗಿಲು ತೆರೆದುಕೊಟ್ಟವರು ಯಾರು ಅಂತ ನೀನು ಕೇಳಲೇ ಇಲ್ಲ."

"ಕೇಳ್ಬೇಕಾಗಿಲ್ಲ," ಎಂದಳು ಐಲಿ.

ಅವತ್ತು ಕಾಫಿ ಕೊಡಲು ಹೋದಾಗ ಅಪ್ಪ ಅವಳನ್ನು ಒಳಗೆ ಬಿಟ್ಟಿರಲಿಲ್ಲ. ಬಾಗಿಲಲ್ಲೇ ಫ್ಲಾಸ್ಕು ತೆಗೆದುಕೊಂಡು ಒಂದು ಮಾತು ಕೇಳಿದ್ದ. ಹೊರಗೆ ಯಾರನ್ನಾದ್ರೂ ಕಂಡೆಯಾ, ಹುಡುಗಿ?

* * *

ಮೂರೂವರೆ. ಆಟ ಇಲ್ಲ ಎಂದು ಧ್ವನಿವರ್ಧಕದಲ್ಲಿ ಹೇಳಿದ್ದರು. ಬ್ಯಾಂಡು ನಿಂತಿತ್ತು. ನಿನ್ನೆಯಿಂದ ಹಿಮದಲ್ಲಿ ಮಲಗುಚೀಲ ಹಾಸಿ ಸಾಲುಗಟ್ಟಿದ್ದ ವಿದ್ಯಾರ್ಥಿಗಳು ಗೊಣಗುತ್ತ ಚದುರುತ್ತಿದ್ದರು.

ಐಲಿ ಮೆಟ್ಟಿಲು ಹತ್ತಿದಳು. ಮೇಲಿನ ಸಾಲಿನವರೆಗೆ ನಲವತ್ತೆರಡು ಮೆಟ್ಟಿಲು. ಅಪ್ಪ ಅಲ್ಲಾಡದೆ ಕುಳಿತಿದ್ದ. ಕಣ್ಣು ಗುಂಡಿಯ ಮೇಲೆ.

"ರಾಯ್ಸ್ ಕಾರ್ಡು ತೋರಿಸಿದ, ಅಪ್ಪ."

"ಹೂಂ. ತೋರಿಸ್ತಾನೆ ಅಂದ್ಕೊಂಡೆ." ಉರ್ಹೊ ಪಕ್ಕದ ಆಸನದ ಮೇಲಿದ್ದ ಕೈಗವಸು ತೆಗೆದ. "ಕೂತ್ಕೊ."

ಅವಳು ಕೂರಲಿಲ್ಲ. "ಇನ್ನರ್ಧ ಗಂಟೆಯಲ್ಲಿ ಬೇರೆ ಪೊಲೀಸರು ಬರ್ತಾರೆ. ವಕೀಲರಿಲ್ಲದೆ ಏನೂ ಹೇಳ್ಬೇಕಾಗಿಲ್ಲ. ಸುಮ್ಮನಿರೋ ಹಕ್ಕು ನಿಮಗಿದೆ."

"ಮೂವತ್ತೆರಡು ವರ್ಷ ಅದನ್ನೇ ಮಾಡಿದೀನಿ."

ಕೆಳಗೆ ಡಾ. ನೊವಾಚೆಕ್ ಒಂದು ಬೊಗಸೆ ಮರಳೆತ್ತಿ ಜರಡಿಗೆ ಸುರಿದರು.

"ಫೆಬ್ರವರಿಯಿಂದಲೇ ಗಡ್ಡೆ ಕಟ್ಟಿಸೋ ಅಮೋನಿಯಾ ಗ್ಯಾಸು ಸೋರ್ತಿತ್ತು," ಎಂದ ಉರ್ಹೊ. "ಯಂತ್ರದ ಕೋಣೆಯಲ್ಲಿ, ಹಿಂದಿನ ವಾಲ್ವಿನಲ್ಲಿ. ನಿಲ್ಲಿಸಿ ರಿಪೇರಿ ಮಾಡ್ತೀನಿ ಅಂದೆ. ಟೂರ್ನಿ ಮುಗಿಯೋವರೆಗೆ ನಿಲ್ಲಿಸ್ಬೇಡ ಅಂದ್ರು ಆಫೀಸಿನವರು. ಹೂಂ ಅಂದೆ. ಬಟ್ಟೆ ಸುತ್ತಿ ತಂತಿ ಬಿಗಿದೆ. ಅವತ್ತು ಹುಡುಗನ್ನ ಅಲ್ಲೇ ಕೂರಿಸಿ ಟ್ರಕ್ ತರೋಕೆ ಮನೆಗೆ ಹೋದೆ. ಗಡಿವರೆಗೆ ಬಿಟ್ಟು ಬರೋದು ಅಂತ ಮಾತಾಗಿತ್ತು. ಹಿಮ ತೆಗೆದು ಟ್ರಕ್ ಹೊರಡಿಸೋಕೆ ಅರ್ಧ ಗಂಟೆ ಹಿಡೀತು. ವಾಪಸ್ ಬಂದಾಗ ಬಾಗಿಲಲ್ಲೇ ಕಣ್ಣು ಉರೀತಿತ್ತು. ಅವನು ನೆಲದ ಮೇಲೆ ಬಿದ್ದಿದ್ದ."

"ಆಂಬುಲೆನ್ಸ್ ಕರೀಲಿಲ್ಲ."

"ಸತ್ತಿದ್ದ, ಐಲಿ. ನಾನು ಕೊಂದಿದ್ದೆ. ಆ ಬಟ್ಟೆ ಸುತ್ತಿದ್ದು ನಾನು." ಮುದುಕನ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. "ಅಷ್ಟು ಹೊತ್ತಿಗೆ ನೀನು ಅವನು ನಡ್ಕೊಂಡು ಹೋದದ್ದನ್ನ ಊರೆಲ್ಲ ಹೇಳಿ ಆಗಿತ್ತು. ಕೊಳವೆಗೆ ಅಂತ ಹಳ್ಳ ತೆಗೆಯೋದಿತ್ತು. ತೆಗೆದೆ."

"ಕಾರ್ಡು ಯಾಕೆ?"

"ಆ ಬೇಸಿಗೆಯಿಂದಲೇ ರಾಯ್ಸ್ ಕುಡಿದು ಕುಡಿದು ಸಾಯೋಕೆ ಬಿದ್ದಿದ್ದ. ಗೆಳೆಯನಿಂದ ಸುದ್ದಿ ಇಲ್ಲ ಅಂತ. ಒಬ್ಬ ಹುಡುಗ ಸತ್ತದ್ದೇ ಸಾಕಾಗಿತ್ತು ನಂಗೆ."

ಐಲಿಗೆ ಕೇಳಬೇಕಾದ್ದು ಬೇರೆಯೇ ಇತ್ತು. ಪೊಲೀಸರು ಕೇಳುವಂಥದ್ದಲ್ಲ. ಕೇಳುವ ಹೊತ್ತಿಗೆ ಅವಳು ಪಕ್ಕದಲ್ಲಿ ಕುಳಿತಿದ್ದಳು.

"ನೋಡೋಕೆ ನನ್ನನ್ನೇ ಯಾಕೆ ಆರಿಸಿದ್ರಿ?"

ಉರ್ಹೊ ಮೊದಲ ಸಲ ಅವಳ ಕಡೆ ತಿರುಗಿದ. ಕಣ್ಣಿನಲ್ಲಿ ನೀರ ಪೊರೆಯಿತ್ತು. ವಯಸ್ಸಿನದೋ ಅಳುವಿನದೋ ತಿಳಿಯಲಿಲ್ಲ.

"ನೀನು ಹೇಳಿದ್ರೆ ಊರು ನಂಬ್ತಿತ್ತು. ಹುಡುಗ ಬದುಕಿ ಎಲ್ಲೋ ಚೆನ್ನಾಗಿರ್ತಾನೆ, ಒಂದು ದಿನ ನಿಂಗೂ ಹೇಳಿದ್ರಾಯ್ತು ಅಂದ್ಕೊಂಡಿದ್ದೆ. ಆಮೇಲೆ ಹೇಳೋ ಹಾಗೇ ಉಳೀಲಿಲ್ಲ. ನೀನು ಪೊಲೀಸ್ ಸೇರ್ತೀನಿ ಅಂದ ದಿನ ಹೇಳ್ಬೇಕಿತ್ತು. ಬಾಯಿ ಬರಲಿಲ್ಲ."

ಅವಳು ಅವನ ಕೈ ಹಿಡಿಯಲಿಲ್ಲ. ಎದ್ದೂ ಹೋಗಲಿಲ್ಲ. ಇಬ್ಬರೂ ಗುಂಡಿಯನ್ನೇ ನೋಡುತ್ತ ಕುಳಿತರು.

ಒಂದು ವಿಷಯ ಮಾತ್ರ ಅವಳ ತಲೆಯಲ್ಲಿ ಮುಳ್ಳಿನಂತೆ ಸಿಕ್ಕಿಕೊಂಡಿತು. ಬಾಗಿಲಿನವರೆಗೆ ಕಣ್ಣು ಉರಿಯುವಷ್ಟು ವಾಸನೆ ಬರಲು ಬಟ್ಟೆ ಸುತ್ತಿದ ವಾಲ್ವು ತಾನಾಗಿ ಬಿಚ್ಚಿಕೊಳ್ಳಬೇಕು. ಇಲ್ಲವೇ ಯಾರಾದರೂ ಬಿಚ್ಚಬೇಕು.

"ಅಪ್ಪ, ನೀವು ವಾಪಸ್ ಬಂದಾಗ ಆ ತಂತಿ ವಾಲ್ವಿನ ಮೇಲೇ ಇತ್ತಾ?"

ಮುದುಕ ಹುಬ್ಬು ಗಂಟಿಕ್ಕಿದ. ಉತ್ತರಕ್ಕೆ ಬಾಯಿ ತೆರೆಯುವಷ್ಟರಲ್ಲಿ ಕೆಳಗಿನಿಂದ ಕರೆ ಬಂತು.

"ಡಿಟೆಕ್ಟಿವ್ ತೊರ್ಮಾಲ."

ಡಾ. ನೊವಾಚೆಕ್ ಗುಂಡಿಯಿಂದ ಎದ್ದು ನಿಂತಿದ್ದರು. ಸಣ್ಣ ದನಿ ಖಾಲಿ ಅಂಗಣದಲ್ಲಿ ಸ್ಪಷ್ಟವಾಗಿ ಮೇಲಿನ ಸಾಲಿನವರೆಗೂ ತಲುಪಿತು.

"ಕೆಳಗೆ ಬರ್ತೀರಾ? ಪಕ್ಕದಲ್ಲೇ ಇನ್ನೊಬ್ಬರ ತಲೆಬುರುಡೆ ಇದೆ."

ಸಹಾಯಕರು ಕೈ ನಿಲ್ಲಿಸಿದ್ದರು. ವೆಂಡೆಲ್ ಗೋಡೆಗೆ ಒರಗಿದ.

"ಇಬ್ಬರನ್ನೂ ಒಟ್ಟಿಗೆ ಇಟ್ಟದ್ದಲ್ಲ," ಎಂದರು ಡಾಕ್ಟರ್. "ಮರಳನ್ನ ಎರಡನೇ ಸಲ ತೋಡಿದಾರೆ. ಇದು ಆಮೇಲಿನದು. ಹೆಂಗಸು."

ಐಲಿ ನಿಧಾನವಾಗಿ ಅಪ್ಪನ ಕಡೆ ತಿರುಗಿದಳು. ಬೆಳಿಗ್ಗೆ ಏಳರಿಂದ ಕಲ್ಲಿನಂತೆ ಕುಳಿತಿದ್ದ ಮುದುಕ ಎದ್ದು ನಿಂತಿದ್ದ. ಮುಂದಿನ ಆಸನದ ಬೆನ್ನನ್ನು ಎರಡೂ ಕೈಯಲ್ಲಿ ಹಿಡಿದಿದ್ದ. ಫ್ಲಾಸ್ಕು ಉರುಳಿ ಮೆಟ್ಟಿಲ ಮೇಲೆ ಕಾಫಿ ಹರಿಯುತ್ತಿತ್ತು.

"ನಾನು ಹೂತದ್ದು ಒಬ್ಬನ್ನೇ, ಐಲಿ," ಎಂದ. "ಅಲ್ಲಿ ಹೂತಿದೀನಿ ಅಂತ ಯಾರಿಗೂ ಹೇಳಿಲ್ಲ."